ಸ್ಪೋರ್ಟ್ಸ್ ಕಾರಿನ ಟೈರು: ದರಕ್ಕಿಂತ ಮೊದಲು ಓದಬೇಕಾದ ಅಂಕಿಗಳು

ಸ್ಪೋರ್ಟ್ಸ್ ಕಾರಿಗೆ ಬದಲಿ ಟೈರು ಕೊಳ್ಳುವವರು ದರಪಟ್ಟಿಗಿಂತ ಮೊದಲು ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿ-ಅಕ್ಷರಗಳನ್ನು ಓದತಕ್ಕದ್ದು. ಉದಾಹರಣೆಗೆ, 225/45 ಆರ್ 17 91 ಡಬ್ಲ್ಯು ಎಂಬಲ್ಲಿ ಅಗಲ 225 ಮಿ.ಮೀ.; ಬದಿಯ ಎತ್ತರ ಅದರ ಶೇ. 45, ರಿಮ್ಮಿನ ವ್ಯಾಸ 17 ಅಂಗುಲ, 91 ಎಂದರೆ 615 ಕಿ.ಗ್ರಾಂ. ಭಾರ, ಡಬ್ಲ್ಯು ಎಂದರೆ ಗಂಟೆಗೆ 270 ಕಿ.ಮೀ. ವೇಗಮಿತಿ. ಕಾರು ತಯಾರಕರು ಸೂಚಿಸಿದ ಭಾರ-ವೇಗಗಳಿಗಿಂತ ಕೆಳದರ್ಜೆಯ ಟೈರನ್ನು ಅಗ್ಗವೆಂದು ಕೊಳ್ಳಬಾರದು.

ತಯಾರಿಕೆಯ ಸಂಕೇತ 3524 ಎಂದಿದ್ದರೆ ಅದು 2024ರ 35ನೆಯ ವಾರದ್ದು. ಹಳೆಯ ದಾಸ್ತಾನಿಗೆ ರಿಯಾಯಿತಿ ದೊರೆತರೂ ರಬ್ಬರು ಗಡುಸಾಗಿ ಹಿಡಿತ ಕುಗ್ಗಿರಬಹುದು.

ಮೃದು ರಬ್ಬರಿನ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಆದ್ದರಿಂದ ಬೆಲೆಯನ್ನು ಓಡುವ ಕಿಲೋಮೀಟರುಗಳಿಂದ ಭಾಗಿಸಿ ಹೋಲಿಸುವುದು ಸೂಕ್ತ. ಒಂದೇ ಆಕ್ಸಲಿನ ಎರಡೂ ಟೈರುಗಳು ಒಂದೇ ಮಾದರಿಯವಾಗಿರಲಿ. ಇಲ್ಲಿ ಉಳಿಸಿದ ಹಣವು ಮಳೆಯ ರಸ್ತೆಯಲ್ಲಿ ಪ್ರಾಣಕ್ಕೆ ಎರವಾಗದಂತೆ ನೋಡಿಕೊಳ್ಳುವುದು ಅವಶ್ಯ.