ಕವಳೆ ಹಣ್ಣು: ಬೇಲಿಯಿಂದ ಜಾಡಿಗೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕಲ್ಲುಗುಡ್ಡ, ಕುರುಚಲು ಕಾಡು ಮತ್ತು ಹೊಲದ ಬೇಲಿಗಳಲ್ಲಿ ತಾನಾಗಿ ಬೆಳೆಯುವ ಮುಳ್ಳುಪೊದೆ ಕವಳೆ. ವರ್ಷದ ವಾಡಿಕೆ ಮಳೆ 700 ಮಿಲಿಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರುವ ಈ ಸೀಮೆಯಲ್ಲಿ ನೀರು, ಗೊಬ್ಬರ ಏನನ್ನೂ ಕೇಳದೆ ಅದು ಹಣ್ಣು ಕೊಡುತ್ತದೆ. ಯುಗಾದಿಯ ಸುಮಾರಿಗೆ ಮಲ್ಲಿಗೆಯನ್ನು ಹೋಲುವ ಬಿಳಿ ಹೂ ಬಿಡುತ್ತದೆ. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಹಸಿರು ಕಾಯಿ ತುಂಬಿ, ರೋಹಿಣಿ, ಮೃಗಶಿರದ ಹೊತ್ತಿಗೆ ಕೆಂಪೇರಿ ಕಪ್ಪಾಗುತ್ತದೆ. ಕುರಿ ಕಾಯುವವರೂ ಮಕ್ಕಳೂ ಬಾಯಿಗೆ ಹಾಕಿಕೊಂಡು ಉಳಿದದ್ದು ಪೊದೆಯಲ್ಲೇ ಒಣಗುವುದುಂಟು. ಆದರೆ ಕಾಯಿ, ದೋರೆ, ಹಣ್ಣು ಎಂಬ ಮೂರು ಹದದಲ್ಲೂ ಕವಳೆ ಅಡುಗೆಮನೆಗೆ ಒದಗುತ್ತದೆ. ಯಾವ ಹದದಲ್ಲಿ ಕಿತ್ತರೆ ಏನು ಮಾಡಬಹುದು ಎಂಬುದನ್ನು ತಿಳಿದರೆ ಒಂದೇ ಪೊದೆ ಉಪ್ಪಿನಕಾಯಿ, ಜೆಲ್ಲಿ, ಶರಬತ್ತು ಮೂರನ್ನೂ ಕೊಡಬಲ್ಲದು.

ಗುರುತು ಮತ್ತು ಎಚ್ಚರ

ಕಾಡುಕವಳೆಯ ಸಸ್ಯಶಾಸ್ತ್ರೀಯ ಹೆಸರು ಕ್ಯಾರಿಸ್ಸಾ ಸ್ಪೈನಾರಮ್. ಇದರ ಹಣ್ಣು ಬಟಾಣಿಗಿಂತ ಸ್ವಲ್ಪ ದೊಡ್ಡದು. ತೋಟದ ಬೇಲಿಗೆಂದು ನೆಡುವ ದೊಡ್ಡ ಕಾಯಿಯ ಕವಳೆ ಇದರ ಹತ್ತಿರದ ಬಂಧು ಕ್ಯಾರಿಸ್ಸಾ ಕರಂಡಾಸ್. ಹಿಂದಿಯವರ ಕರೋಂದಾ, ತೆಲುಗರ ವಾಕ್ಕಾಯ ಅದೇ. ಎರಡರಲ್ಲೂ ದಪ್ಪನೆಯ ಮಿರುಗುವ ಎಲೆಗಳು ಎದುರುಬದುರಾಗಿ ಇರುತ್ತವೆ, ಗಟ್ಟಿ ಮುಳ್ಳುಗಳು ಜೋಡಿಯಾಗಿ ಬರುತ್ತವೆ, ಕಾಯಿ ಕಿತ್ತರೆ ಹಾಲಿನಂಥ ಸೊನೆ ಸುರಿಯುತ್ತದೆ. ಇದೇ ಗುಡ್ಡಗಳಲ್ಲಿ ಹಬ್ಬಿರುವ ಲಂಟಾನಕ್ಕೂ ಕರಿ ಹಣ್ಣಿನ ಗೊಂಚಲು ಇರುತ್ತದೆ. ಅದರ ಕಾಂಡ ಚೌಕ, ಎಲೆ ಒರಟು, ಸೊನೆ ಇಲ್ಲ. ಅದರ ಹಸಿ ಕಾಯಿ ವಿಷ. ಕವಳೆ ಸೇರಿರುವುದೂ ವಿಷಗಿಡವಾದ ಕಣಗಿಲೆಯ ಕುಟುಂಬಕ್ಕೆ. ಆದ್ದರಿಂದ ಗುರುತು ಖಚಿತವಾಗದೆ ಯಾವ ಕಾಯಿಯನ್ನೂ ಕೀಳಬಾರದು. ಕವಳೆಯಲ್ಲೂ ಅಡುಗೆಗೆ ಬಳಸಬೇಕಾದದ್ದು ಕಾಯಿ, ಹಣ್ಣು ಮಾತ್ರ.

ಮಧುಗಿರಿ ತಾಲ್ಲೂಕಿನ ತಿಮ್ಲಾಪುರ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡುಗಳು ವನ್ಯಜೀವಿಧಾಮಗಳು. ಕರಡಿ, ನರಿ, ಹಕ್ಕಿಗಳಿಗೆ ಕವಳೆ ಬೇಸಿಗೆಯ ಆಹಾರ. ಅಲ್ಲಿನ ಹಣ್ಣನ್ನು ಅವಕ್ಕೇ ಬಿಡಬೇಕು, ಮನೆಬಳಕೆಗೆ ಊರ ಬೇಲಿ, ಬದುಗಳ ಹಣ್ಣೇ ಸಾಕು.

ಹಸಿರು ಕಾಯಿ

ಎಳೆಗಾಯಿಯಲ್ಲಿ ಹುಳಿ, ಒಗರು, ಸೊನೆ ಮೂರೂ ಹೆಚ್ಚು. ಕೈಗೆ ಎಣ್ಣೆ ಸವರಿಕೊಂಡು ತೊಟ್ಟು ತೆಗೆದು, ಸೀಳಿ, ಉಪ್ಪು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಎರಡು ಸಲ ತೊಳೆದರೆ ಸೊನೆ ಬಿಡುತ್ತದೆ. ಹುಳಿ ಲೋಹವನ್ನು ತಿನ್ನುವುದರಿಂದ ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗಳು ಬೇಡ. ಸ್ಟೀಲು, ಗಾಜು, ಪಿಂಗಾಣಿ ಜಾಡಿ ಒಳ್ಳೆಯದು.

ಉಪ್ಪಿನಕಾಯಿಗೆ ಒಂದು ಕಿಲೋ ಕಾಯಿಯ ತೇವವನ್ನು ಪೂರ್ತಿ ಒರೆಸಿ, 200 ಗ್ರಾಂ ಕಲ್ಲುಪ್ಪು ಬೆರೆಸಿ ಮೂರು ದಿನ ಜಾಡಿಯಲ್ಲಿಡಬೇಕು. ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಬೇಕು. ಬಳಿಕ 100 ಗ್ರಾಂ ಖಾರದ ಪುಡಿ, 50 ಗ್ರಾಂ ಹುರಿದ ಸಾಸಿವೆ ಪುಡಿ, ಒಂದು ಚಮಚ ಮೆಂತ್ಯದ ಪುಡಿ ಸೇರಿಸಿ, ಕಾಯಿಸಿ ಆರಿಸಿದ ಕಾಲು ಲೀಟರ್ ಎಳ್ಳೆಣ್ಣೆ ಹಾಕಬೇಕು. ಹದಿನೈದು ದಿನಕ್ಕೆ ಒಗರು ಇಳಿದು ರುಚಿ ಕೂಡಿಕೊಳ್ಳುತ್ತದೆ.

ಶಿರಾ, ಪಾವಗಡ ಕಡಲೆಕಾಯಿ ಬೆಳೆಯುವ ನೆಲ. ಹುರಿದ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಒಂದು ಹಿಡಿ ಕವಳೆಕಾಯಿ ಹಾಕಿ ಒರಳಲ್ಲಿ ಅರೆದ ಚಟ್ನಿ ರಾಗಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಹುಣಸೆಯ ಬದಲು ಬೇಳೆಸಾರಿಗೂ ಇದೇ ಹುಳಿ ಸಾಕು. ಆಂಧ್ರದವರ ವಾಕ್ಕಾಯ ಪಪ್ಪು ಈ ಬಗೆಯದೇ: ತೊಗರಿಬೇಳೆಯನ್ನು ಬೇಯಿಸಿ, ಒಗ್ಗರಣೆಯಲ್ಲಿ ಬಾಡಿಸಿದ ಕಾಯಿ ಬೆರೆಸಿದರೆ ಆಯಿತು.

ಕೆಂಪೇರಿದ ದೋರೆಗಾಯಿ

ಜೆಲ್ಲಿ ಗಟ್ಟಿಯಾಗಲು ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಬೇಕು. ಪೂರ್ತಿ ಮಾಗಿದ ಹಣ್ಣಿನಲ್ಲಿ ಪೆಕ್ಟಿನ್ ಕುಗ್ಗುತ್ತದೆ, ಹಸಿರು ಕಾಯಿಯಲ್ಲಿ ಬಣ್ಣವಿಲ್ಲ. ದೋರೆಗಾಯಿಯಲ್ಲಿ ಪೆಕ್ಟಿನ್ನೂ ಹುಳಿಯೂ ಸಾಕಷ್ಟಿರುವುದರಿಂದ ಸಕ್ಕರೆ ಬಿಟ್ಟು ಹೊರಗಿನಿಂದ ಬೇರೇನನ್ನೂ ಸೇರಿಸಬೇಕಿಲ್ಲ. ಒಂದು ಕಿಲೋ ದೋರೆಗಾಯಿಗೆ ಬಣ್ಣಕ್ಕೆಂದು ಒಂದು ಹಿಡಿ ಕರಿ ಹಣ್ಣು ಸೇರಿಸಿ, ಮುಳುಗುವಷ್ಟು ನೀರು ಹಾಕಿ 20 ನಿಮಿಷ ಬೇಯಿಸಿ, ಮಸೆದು, ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹಿಂಡಿದರೆ ಜೆಲ್ಲಿ ಮಸುಕಾಗುತ್ತದೆ. ತಾನಾಗಿ ತೊಟ್ಟಿಕ್ಕಿದ ರಸವೇ ತಿಳಿ. ಲೀಟರ್ ರಸಕ್ಕೆ 750 ಗ್ರಾಂ ಸಕ್ಕರೆ ಹಾಕಿ ಜೋರು ಉರಿಯಲ್ಲಿ ಕುದಿಸಿ, ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ನೋಡಬೇಕು. ಬೆರಳಿಂದ ತಳ್ಳಿದಾಗ ಮೇಲ್ಪದರ ಸುಕ್ಕುಗಟ್ಟಿದರೆ ಹದ ಬಂದಂತೆ. ಬೆಲ್ಲದಲ್ಲಿ ಮಾಡಿದರೆ ರುಚಿ ಗಾಢ, ಬಣ್ಣ ಮಾತ್ರ ಕಂದು. ಬೇಕರಿಯ ಕೇಕು, ಪಾನ್‌ಗಳ ಮೇಲಿನ ಕೆಂಪು ‘ಚೆರಿ’ ಎಷ್ಟೋ ವೇಳೆ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ದೊಡ್ಡ ಕವಳೆಯೇ.

ಕರಿ ಹಣ್ಣು

ಮಾಗಿದ ಹಣ್ಣು ಎರಡು ದಿನಕ್ಕೇ ಮೆತ್ತಗಾಗುವುದರಿಂದ ಕಿತ್ತ ದಿನವೇ ಬಳಸುವುದು ಲೇಸು. ಶರಬತ್ತಿಗೆ ಹಣ್ಣನ್ನು ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಕಿವುಚಿ, ಸೋಸಿ, ಲೀಟರ್ ರಸಕ್ಕೆ ಒಂದೂಕಾಲು ಕಿಲೋ ಸಕ್ಕರೆ ಬೆರೆಸಿ ಒಂದು ಕುದಿ ಬರಿಸಬೇಕು. ಕುದಿನೀರಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಒಂದು ಪಾಲಿಗೆ ಮೂರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಕುಡಿಯಬಹುದು. ಹಾಲಿಗೆ ಬೆರೆಸಿದರೆ ಒಡೆಯುತ್ತದೆ. ಹಣ್ಣಿನ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಹುಳಿಯಲ್ಲಿ ಅದು ಕೆಂಪಾಗಿರುತ್ತದೆ, ಅಡುಗೆ ಸೋಡಾ ತಗುಲಿದರೆ ನೀಲಿಗೆ ತಿರುಗುತ್ತದೆ. ವಿಟಮಿನ್ ಸಿ ಬಿಸಿಗೆ ಕುಗ್ಗುವುದರಿಂದ ಅದರ ಪೂರ್ಣ ಲಾಭ ಹಸಿ ಹಣ್ಣಿನಲ್ಲೇ.

ಪೊದೆ ಉಳಿಸುವುದು

ಮುಳ್ಳುತಂತಿ ಬಂದಂತೆ ಜೀವಂತ ಬೇಲಿಗಳು ಕಡಿಮೆಯಾಗುತ್ತಿವೆ. ಅಡುಗೆಗೆ ತೆಗೆದ ಕರಿ ಹಣ್ಣಿನ ಬೀಜವನ್ನು ಬೇಯಿಸುವ ಮೊದಲೇ ಬೇರ್ಪಡಿಸಿ, ತೊಳೆದು, ಹಸಿಯಿರುವಾಗಲೇ ಮಣ್ಣು ತುಂಬಿದ ಚೀಲಕ್ಕೆ ಹಾಕಬೇಕು. ಬಹುಕಾಲ ಇಟ್ಟರೆ ಮೊಳೆಯುವ ಶಕ್ತಿ ಕುಂದುತ್ತದೆ. ಮರುವರ್ಷದ ಮುಂಗಾರಿನಲ್ಲಿ ಸಸಿಯನ್ನು ಬದುವಿಗೆ ನೆಟ್ಟರೆ ಎರಡು ಮೂರು ವರ್ಷದಲ್ಲಿ ಕಾಯಿ ಬಿಡತೊಡಗುತ್ತದೆ. ಆಡು, ದನ ನುಗ್ಗದ ಬೇಲಿಯೂ ಆಗುತ್ತದೆ, ಬೇಸಿಗೆಯ ಕೊನೆಗೆ ಮನೆಗೆ ಹುಳಿಯೂ ಸಿಗುತ್ತದೆ.