ಪಾಯಸವೋ ಹೆರಾಯಿನ್ನೋ? ರಕ್ತ ಏನು ಹೇಳುತ್ತೆ?

ಮದುವೆ ಊಟದಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದ್ರಿ. ಮಾರನೇ ದಿನ ಡ್ರಗ್ಸ್ ಟೆಸ್ಟ್ ಮಾಡಿದ್ರೆ ಪಾಸಿಟಿವ್ ಬರುತ್ತಾ?

ಮೂತ್ರದಲ್ಲಿ ಬರಬಹುದು! ಗಸಗಸೆ ಅಫೀಮು ಗಿಡದ್ದೇ ಬೀಜ. ಕಾಳಿನ ಮೇಲೆ ಒಂಚೂರು ಮಾರ್ಫಿನ್ ಅಂಟಿರುತ್ತೆ.

ಹೆರಾಯಿನ್ ಕೂಡ ದೇಹದಲ್ಲಿ ಮಾರ್ಫಿನ್ ಆಗುತ್ತೆ. ಹಾಗಾದ್ರೆ ಪಾಯಸ ಕುಡಿದವರು ಯಾರು, ಹೆರಾಯಿನ್ ತಗೊಂಡವರು ಯಾರು? ಫೊರೆನ್ಸಿಕ್ ಲ್ಯಾಬ್ ಹೇಗೆ ಹೇಳುತ್ತೆ?

ರಕ್ತ ತೆಗೆಯೋದು ಸಾಮಾನ್ಯವಾಗಿ ಬೂದು ಮುಚ್ಚಳದ ಟ್ಯೂಬಿಗೆ. ಒಳಗೆ ಬಿಳಿ ಪುಡಿ, ಸೋಡಿಯಂ ಫ್ಲೋರೈಡ್. ಅದಿಲ್ಲದಿದ್ರೆ ಕೊಕೇನ್‌ನಂಥದ್ದು ಟ್ಯೂಬಿನಲ್ಲೇ ಒಡೆದುಹೋಗುತ್ತೆ. ಆಮೇಲೆ ಸೀಲು, ಸಹಿ, ಫ್ರಿಜ್ಜು. ಸೀಲು ಒಡೆದಿದ್ರೆ ಕೋರ್ಟಲ್ಲಿ ವಕೀಲರು ಬಿಡ್ತಾರಾ?

ಮೊದಲ ಪರೀಕ್ಷೆ ಇಮ್ಯುನೊಅಸ್ಸೇ. ಬೇಗ ಆಗುತ್ತೆ, ಆದ್ರೆ ಹೋಲುವ ಅಣು ಸಿಕ್ಕರೂ ‘ಇದೆ’ ಅನ್ನುತ್ತೆ. ಅದು ಬರೀ ಅನುಮಾನ, ಸಾಕ್ಷಿ ಅಲ್ಲ.

ಗಟ್ಟಿ ಉತ್ತರ ಕೊಡೋದು ಮಾಸ್ ಸ್ಪೆಕ್ಟ್ರೋಮೀಟರ್. ರಕ್ತದಿಂದ ಬೇರ್ಪಡಿಸಿದ ಅಣುಗಳನ್ನ ಒಡೆದು, ಚೂರುಗಳ ತೂಕ ನೋಡುತ್ತೆ. ಆ ಚೂರುಗಳ ವಿನ್ಯಾಸ ಬೆರಳಚ್ಚಿನ ಹಾಗೆ. ಒಂದು ಮಿಲಿಲೀಟರ್ ರಕ್ತದಲ್ಲಿ ನ್ಯಾನೋಗ್ರಾಂ ಇದ್ರೂ ಹಿಡಿಯುತ್ತೆ. ನ್ಯಾನೋಗ್ರಾಂ ಅಂದ್ರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು!

ಇಲ್ಲಿ ಹುಡುಕೋದು 6-ಮೊನೊಅಸಿಟೈಲ್‌ಮಾರ್ಫಿನ್. ಬಾಯಿ ತಿರುಗದ ಹೆಸರು, ಇರಲಿ. ಹೆರಾಯಿನ್ ದೇಹದಲ್ಲಿ ಒಡೆದಾಗ ಹುಟ್ಟೋದು ಇದು. ಎಷ್ಟು ಪಾಯಸ ಕುಡಿದ್ರೂ ಬರಲ್ಲ.

ಆದ್ರೆ ರಕ್ತದಲ್ಲಿ ಇದು ಉಳಿಯೋದು ಹೆಚ್ಚಂದ್ರೆ ಕೆಲವೇ ಗಂಟೆ. ಹಾಗಾಗಿ ‘ಸಿಗಲಿಲ್ಲ’ ಅಂತ ವರದಿ ಬಂದ್ರೆ, ‘ತಗೊಂಡೇ ಇಲ್ಲ’ ಅಂತ ಅರ್ಥ ಅಲ್ಲ.