ನಾವಿಕರ ಸುರಕ್ಷತಾ ತರಬೇತಿ: ಬಂಡವಾಳ ಮೊದಲು, ಅನುಮೋದನೆ ನಂತರ

ಇಂದಿರಾನಗರದಲ್ಲಿ ಮಹಡಿಯೊಂದನ್ನು ಬಾಡಿಗೆಗೆ ಹಿಡಿದು ನಾವಿಕರ ಸುರಕ್ಷತಾ ತರಬೇತಿ ಕೇಂದ್ರ ತೆರೆಯಬಯಸುವ ಉದ್ಯಮಿಗಳು ಒಂದಂಶವನ್ನು ಗಮನಿಸಬೇಕು. ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯವು ಪ್ರತಿಯೊಂದು ಕೋರ್ಸಿಗೂ ಪ್ರತ್ಯೇಕವಾಗಿ, ಸೌಕರ್ಯಗಳ ತಪಾಸಣೆಯ ಬಳಿಕವೇ ಅನುಮೋದನೆ ನೀಡುತ್ತದೆ.

ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಸಂಹಿತೆಯಾದ ಎಸ್‌ಟಿಸಿಡಬ್ಲ್ಯು ಪ್ರಕಾರ ಅಭ್ಯರ್ಥಿಯು ಎತ್ತರದಿಂದ ನೀರಿಗೆ ಧುಮುಕಬೇಕು. ಲೈಫ್ ಜಾಕೆಟ್ ಧರಿಸಿಯೇ ಮಗುಚಿದ ಜೀವರಕ್ಷಕ ತೆಪ್ಪವನ್ನು ನೇರ್ಪಡಿಸಬೇಕು. ಉಸಿರಾಟದ ಉಪಕರಣ ತೊಟ್ಟು ಹೊಗೆ ತುಂಬಿದ ಕೋಣೆಯಲ್ಲಿ ಬೆಂಕಿ ನಂದಿಸಬೇಕು. ಇದಕ್ಕೆ ಆಳವಾದ ಕೊಳವೂ ಬಯಲೂ ಬೇಕು. ಹಲಸೂರು ಕೆರೆಯತ್ತ ಬೆರಳು ತೋರಿಸಿದರೆ ಸಾಲದು!

2010ರ ಮನಿಲಾ ತಿದ್ದುಪಡಿಗಳು ಈ ಸಾಮರ್ಥ್ಯಕ್ಕೆ 5 ವರ್ಷಕ್ಕೊಮ್ಮೆ ಪುರಾವೆ ಕೇಳುವುದರಿಂದ ಬೇಡಿಕೆಯೇನೋ ಮರುಕಳಿಸುತ್ತದೆ. ಆದರೆ ತಪಾಸಣೆ ಮುಗಿಯುವವರೆಗೆ ಶುಲ್ಕದ ಆದಾಯವಿಲ್ಲ. ಬಾಡಿಗೆ, ಬಡ್ಡಿ ಮಾತ್ರ ಓಡುತ್ತಿರುತ್ತವೆ. ಕೆ.ಆರ್.ಪುರದ ಆಚೆ ಜಾಗ ಹುಡುಕುವವರು ಕರಾರಿಗೆ ಸಹಿ ಹಾಕುವ ಮುನ್ನ ನಿರ್ದೇಶನಾಲಯದ ಕೋರ್ಸುವಾರು ಮಾರ್ಗಸೂಚಿಯನ್ನು ಓದಿಕೊಳ್ಳುವುದು ಲೇಸು.